ಚೊಳಚಗುಡ್ಡದ ಬನಶಂಕರಿ: ಹೊಂಡ, ಗುಡಿ, ಜಾತ್ರೆ

ಬಾದಾಮಿಯಿಂದ ಸುಮಾರು 5 ಕಿ.ಮೀ. ದೂರದ ಚೊಳಚಗುಡ್ಡದಲ್ಲಿರುವ ಬನಶಂಕರಿ ಕ್ಷೇತ್ರಕ್ಕೆ ರೈಲಿನಲ್ಲಿ ಬರುವವರು ಗದಗ–ಹೊಟಗಿ ಮಾರ್ಗದ ಬಾದಾಮಿ ನಿಲ್ದಾಣದಲ್ಲಿ ಇಳಿಯಬೇಕು. ನಿಲ್ದಾಣವು ಊರ ಹೊರಗಿರುವುದರಿಂದ ಮೊದಲು ಪಟ್ಟಣಕ್ಕೆ ಬಂದು, ಅಲ್ಲಿಂದ ಬಸ್ಸನ್ನೋ ಆಟೋವನ್ನೋ ಹಿಡಿಯುವುದು ಅನುಕೂಲ. ಬನವೆಂದರೆ ಕಾಡು. ತಿಲಕಾರಣ್ಯವೆಂದು ಹೆಸರಾದ ಈ ಕಾಡಿನ ದೇವಿಯನ್ನು, ಬರಗಾಲದಲ್ಲಿ ಕಾಯಿಪಲ್ಯಗಳನ್ನಿತ್ತು ಜೀವಿಗಳನ್ನು ಪೊರೆದ ಶಾಕಂಭರಿಯೆಂದೇ ಭಕ್ತರು ನಂಬುತ್ತಾರೆ.

ಆರಾಧನೆಯು ಬಾದಾಮಿ ಚಾಲುಕ್ಯರ ಕಾಲದ್ದೆಂಬ ಪರಂಪರೆಯಿದ್ದರೂ ಈಗಿನ ಗುಡಿಯನ್ನು 1750ರಲ್ಲಿ ಕಟ್ಟಿಸಿದವನು ಮರಾಠ ಸರದಾರ ಪರಶುರಾಮ ಆಗಳೆ. ಆದ್ದರಿಂದ ಬಾದಾಮಿಯ ಗುಹಾಲಯಗಳನ್ನು ಕಂಡು ಬಂದ ಕಣ್ಣಿಗೆ ಇದರ ಗೋಡೆಗಳು ಸಪ್ಪೆಯೆನಿಸಿದರೆ ಆಶ್ಚರ್ಯವಿಲ್ಲ. ಗರ್ಭಗುಡಿಯಲ್ಲಿ ಸಿಂಹವಾಹಿನಿಯಾಗಿ, ರಾಕ್ಷಸನನ್ನು ಮೆಟ್ಟಿ ಕುಳಿತ ಎಂಟು ತೋಳಿನ ಕರಿಕಲ್ಲಿನ ದೇವಿಯಿದ್ದಾಳೆ.

ನಿಂತು ನೋಡಬೇಕಾದದ್ದು ಗುಡಿಯ ಮುಂದಿನ ಹೊಂಡವನ್ನು. ಹರಿದ್ರಾತೀರ್ಥವೆಂಬ, ಸುಮಾರು 360 ಅಡಿ ಚೌಕದ ಈ ಪುಷ್ಕರಣಿಯನ್ನು ಮೂರು ಬದಿಗಳಲ್ಲಿ ಕಲ್ಲಿನ ಕಂಬಸಾಲಿನ ಮಂಟಪಗಳು ಸುತ್ತುವರಿದಿದ್ದು, ಪಡುವಣ ದಂಡೆಯಲ್ಲಿ ಕಾವಲಿಗೂ ದೀಪಕ್ಕೂ ಒದಗುವ ಗೋಪುರವೊಂದು ನಿಂತಿದೆ. ಹರಕೆ ಹೊತ್ತ ತಂದೆತಾಯಿಗಳು ಬಾಳೆದಿಂಡಿನ ತೆಪ್ಪದಲ್ಲಿ ಹಸುಗೂಸನ್ನು ಮಲಗಿಸಿ ನೀರಿನ ಮೇಲೆ ತೇಲಿಸುವ ಪದ್ಧತಿಗೆ ಈ ಹೊಂಡವೇ ನೆಲೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಹೊಂಡ ಬರಿದಾಗುವುದೂ ಉಂಟು. ಕಟ್ಟಡವನ್ನು ನೋಡಬಯಸುವವರು ಸಾಮಾನ್ಯ ದಿನದ ಬೆಳಗಿನ ಹೊತ್ತನ್ನು ಆರಿಸಿಕೊಳ್ಳುವುದು ಲೇಸು, ಏಕೆಂದರೆ ಜಾತ್ರೆಯಲ್ಲಿ ಕಂಬಗಳೆಲ್ಲ ಜನರ ಹಿಂದೆ ಮರೆಯಾಗುತ್ತವೆ.

ಜನರನ್ನು ನೋಡಬಯಸುವವರಿಗಾದರೋ ಜಾತ್ರೆಗಿಂತ ಮಿಗಿಲಾದ ಕಾಲವಿಲ್ಲ. ಪುಷ್ಯ ಮಾಸದ ಹುಣ್ಣಿಮೆಗೆ, ಎಂದರೆ ಜನವರಿಯ ಆಸುಪಾಸಿನಲ್ಲಿ ಬರುವ ಬನದ ಹುಣ್ಣಿಮೆಗೆ, ತೇರು ಎಳೆಯುತ್ತಾರೆ. ಅದಕ್ಕೆ ಮುಂಚೆ ನಡೆಯುವ ಪಲ್ಯದ ಹಬ್ಬದಲ್ಲಿ ದೇವಿಗೆ 108 ಬಗೆಯ ಪಲ್ಯಗಳ ನೈವೇದ್ಯವಾಗುತ್ತದೆ. ಕೆತ್ತನೆಯ ಬಾಗಿಲು ಚೌಕಟ್ಟುಗಳಿಂದ ಬಳೆಯವರೆಗೆ ಎಲ್ಲವೂ ಮಾರಾಟಕ್ಕೆ ಬರುವ ಈ ಸಂತೆಯಲ್ಲಿ, ಬುಟ್ಟಿ ಹೊತ್ತ ಹೆಂಗಸರು ಮಾರುವ ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಮತ್ತು ಮಣ್ಣಿನ ಕುಡಿಕೆಯ ಗಟ್ಟಿ ಮೊಸರನ್ನು ಮರದ ನೆರಳಲ್ಲಿ ಕುಳಿತು ಉಣ್ಣದೆ ಹೋದವರು ಬನಶಂಕರಿಯನ್ನು ಅರ್ಧ ಮಾತ್ರ ಕಂಡಂತೆ. ಹುಣ್ಣಿಮೆ ಕಳೆದ ಮೇಲೂ ವಾರಗಟ್ಟಲೆ ವೃತ್ತಿ ನಾಟಕ ಕಂಪನಿಗಳು, ಎಂದರೆ ರಂಗವನ್ನೇ ಜೀವನೋಪಾಯವಾಗಿಸಿಕೊಂಡ ತಂಡಗಳು, ಇಲ್ಲಿ ತಗಡಿನ ಥಿಯೇಟರು ಹಾಕಿರುತ್ತವೆ. ನಾಟಕಕ್ಕೆ ಉಳಿಯುವವರು ಬಾದಾಮಿಯಲ್ಲಿ ಕೋಣೆಯನ್ನು ಮೊದಲೇ ಗೊತ್ತುಮಾಡಿಕೊಂಡು, ಮರಳುವ ವಾಹನವನ್ನೂ ಹೇಳಿಟ್ಟಿರಬೇಕು. ಕೊನೆಯ ಆಟ ಮುಗಿಯುವ ಹೊತ್ತಿಗೆ ಬೆಳಗಿನ ಜಾವವಾಗಿರುತ್ತದೆ.