ಚಿಯಾ ಬೀಜ: ಅಜ್ಞಾತಫಲವೋ, ತುಲಸಿಯ ಬಂಧುವೋ?

ಬೀದರ ನಗರದ ಅಂಗಡಿಗಳಲ್ಲಿ ಈಗ 'ಚಿಯಾ' ಎಂಬ ಬೂದುಬಣ್ಣದ ಸಣ್ಣ ಬೀಜವು ದೊರೆಯುತ್ತದೆ. ಇದನ್ನು ಏಕಾಶನದ ದಿನ ಬಳಸಬಹುದೇ ಎಂಬ ಪ್ರಶ್ನೆ ಭಾಲ್ಕಿ, ಔರಾದಗಳ ಶ್ರಾವಕ ಗೃಹಗಳಲ್ಲಿಯೂ ಏಳುವುದು ಸಹಜ. ಅಜ್ಞಾತಫಲವೆಂದು ಕೆಲವರು, ಬಹುಬೀಜವೆಂದು ಕೆಲವರು ಇದನ್ನು ನಿಷೇಧಿಸುತ್ತಾರೆ. ಇದು ಕಾಮಕಸ್ತೂರಿಯೇ ಎಂದು ಬಗೆದು ನಿಶ್ಚಿಂತರಾಗಿರುವವರೂ ಉಂಟು.

ಚಿಯಾ ತುಲಸಿ, ಪುದೀನಗಳ ಕುಲಕ್ಕೆ ಸೇರಿದ ಗಿಡ. 1753ರಲ್ಲಿ ಲಿನ್ನೇಯಸನು ಇದಕ್ಕೆ 'ಸಾಲ್ವಿಯಾ ಹಿಸ್ಪಾನಿಕಾ', ಎಂದರೆ ಸ್ಪೇನಿನ ಸಾಲ್ವಿಯಾ ಎಂದು ಹೆಸರಿಟ್ಟನು. ಹೆಸರು ಸ್ಪೇನಿನದಾದರೂ ಗಿಡದ ತವರು ಮೆಕ್ಸಿಕೋ ಮತ್ತು ಗ್ವಾಟೆಮಾಲಾ. ಅಲ್ಲಿಯ ಅಜ್ಟೆಕ್ ಜನರಿಗೆ ಮೆಕ್ಕೆಜೋಳದಂತೆಯೇ ಇದೂ ಮುಖ್ಯ ಆಹಾರವಾಗಿತ್ತು. ಅರಸನಿಗೆ ಕಪ್ಪವಾಗಿಯೂ ಸಲ್ಲುತ್ತಿತ್ತು. 1521ರಲ್ಲಿ ಸ್ಪೇನಿನವರು ಆ ರಾಜ್ಯವನ್ನು ಗೆದ್ದ ಬಳಿಕ ಇದರ ಬೇಸಾಯ ಕುಗ್ಗಿತು. ನೆರೆಹೊರೆಯವರು ಉಪವಾಸಕ್ಕೆಂದು ತಿನ್ನುವ ರಾಜಗಿರಿಯ ಒಂದು ಮುಖ್ಯ ತಳಿಯ ಮೂಲವೂ ಅದೇ ನಾಡೆಂಬುದು ಅನೇಕರಿಗೆ ಸೋಜಿಗವೆನಿಸೀತು. ನಮ್ಮ ರಾಜ್ಯದಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಚಿಯಾ ಬೇಸಾಯಕ್ಕೆ ಮಾರ್ಗದರ್ಶನ ಮಾಡಿ, ಮೈಸೂರು ಸೀಮೆಯ ರೈತರು ಅದನ್ನು ಬೆಳೆದಿದ್ದಾರೆ. ಕುಲ, ತವರು, ಗುಣ ಇಷ್ಟು ತಿಳಿದಿರುವ ಬೀಜವನ್ನು ಅಜ್ಞಾತಫಲವೆನ್ನುವುದು ಕಷ್ಟ. ತಿಳಿಯದೆ ಬಾಯಿಗೆ ಹಾಕಿಕೊಳ್ಳುವವನಿಗೆ ಮಾತ್ರ ಅದು ಇನ್ನೂ ಅಜ್ಞಾತವೇ.

ಬಹುಬೀಜವೆಂಬ ಆಕ್ಷೇಪವೂ ನಿಲ್ಲುವುದಿಲ್ಲ. ನಡುವೆ ಪರದೆಯಿಲ್ಲದೆ ತಿರುಳಿನಲ್ಲಿ ಬೀಜಗಳು ಒತ್ತೊತ್ತಾಗಿ ತುಂಬಿರುವ ಫಲಕ್ಕೆ ಆ ಹೆಸರು. ಬೀಜ ಸಣ್ಣದಾಗಿದ್ದು ಚಮಚೆಯಲ್ಲಿ ನೂರಾರು ಹಿಡಿಯುತ್ತವೆಂಬ ಕಾರಣಕ್ಕಲ್ಲ. ಚಿಯಾದ ಒಂದೊಂದು ಹೂವಿನ ಬಟ್ಟಲಿನಲ್ಲಿ, ತುಲಸಿಯಲ್ಲಿರುವಂತೆಯೇ, ಹೆಚ್ಚೆಂದರೆ ನಾಲ್ಕು ಬಿಡಿ ಕಾಳುಗಳಿರುತ್ತವೆ.

ಕಾಮಕಸ್ತೂರಿ ಇದರ ದಾಯಾದಿಯೇ ಹೊರತು ಇದೇ ಅಲ್ಲ. ಅದರ ಬೀಜ ಒಂದೇ ಸಮನೆ ಕಪ್ಪು, ನೀರಿಗೆ ಬಿದ್ದ ಒಂದೆರಡು ನಿಮಿಷಗಳಲ್ಲೇ ಉಬ್ಬುತ್ತದೆ. ಚಿಯಾದ ಮೈಮೇಲೆ ಅಮೃತಶಿಲೆಯಂತಹ ಗೆರೆಗಳಿದ್ದು, ಉಬ್ಬಲು ಹೆಚ್ಚು ಹೊತ್ತು ಬೇಕು.

ನಿಜವಾದ ಎಚ್ಚರ ಬೇಕಾದುದು ಬಳಸುವ ರೀತಿಯಲ್ಲಿ. ರಾತ್ರಿಯೆಲ್ಲ ನೆನೆಯಿಟ್ಟು ಬೆಳಿಗ್ಗೆ ಸೇವಿಸಬೇಕೆಂದು ಪತ್ರಿಕೆಗಳು ಬರೆಯುತ್ತವೆ. ಶ್ರಾವಕನಿಗೆ ಇದು ಸಲ್ಲದು. ನೆನೆದ ಬೀಜ ಮೊಳಕೆಯ ದಾರಿ ಹಿಡಿಯುತ್ತದೆ. ಅದರ ಅಗತ್ಯವೂ ಇಲ್ಲ. ಸೂರ್ಯೋದಯದ ನಂತರ ಸೋಸಿ ಕಾಯಿಸಿದ ನೀರಿನಲ್ಲಿ ಅರ್ಧ ಗಂಟೆ ಇಟ್ಟರೆ ಸಾಕು. ಸಚಿತ್ತತ್ಯಾಗದ ಪ್ರತಿಮೆ ಧರಿಸಿದವರು ಕುದಿಸಿಯೇ ತೆಗೆದುಕೊಳ್ಳಬೇಕು. ಸಮಂತಭದ್ರಾಚಾರ್ಯರು ಹಸಿಯಾಗಿ ತಿನ್ನಬಾರದೆಂದ ವಸ್ತುಗಳಲ್ಲಿ ಬೀಜವೂ ಸೇರಿದೆ. ಅದೇ ಆಚಾರ್ಯರು ಚತುರ್ವಿಧ ಆಹಾರದ ತ್ಯಾಗವನ್ನು ಉಪವಾಸವೆಂದಿದ್ದಾರೆ. ನೀರಿನಲ್ಲಿ ನೆನೆದ ಮಾತ್ರಕ್ಕೆ ಚಿಯಾ ನೀರಾಗದು.

ಇನ್ನೊಂದು ಅಪಾಯವನ್ನು ಮನೆಯ ಹಿರಿಯರು ಮುಖ್ಯವಾಗಿ ಗಮನಿಸಬೇಕು. 100 ಗ್ರಾಂ ಚಿಯಾದಲ್ಲಿ ಸುಮಾರು 34 ಗ್ರಾಂ ನಾರು ಇದ್ದು, ಅದು ತನ್ನ ತೂಕದ ಹತ್ತರಷ್ಟು ನೀರನ್ನು ಹಿಡಿಯಬಲ್ಲದು. ಒಣಬೀಜವನ್ನು ನುಂಗಿ ನೀರು ಕುಡಿದರೆ ಅನ್ನನಾಳದಲ್ಲಿಯೇ ಉಬ್ಬಿ ಸಿಕ್ಕಿಕೊಳ್ಳಬಹುದು. ಹೊರದೇಶದಲ್ಲಿ ಹೀಗಾಗಿ ವೈದ್ಯರು ಉಪಕರಣದಿಂದ ತೆಗೆಯಬೇಕಾದ ಪ್ರಸಂಗವೂ ನಡೆದಿದೆ. ದಿನಕ್ಕೊಂದೇ ಬಾರಿ ನೀರು ಸೇವಿಸುವ ವ್ರತಿಗಳಿಗಂತೂ ಇದು ಮಲಬದ್ಧತೆಯನ್ನು ನೀಗುವ ಬದಲು ಹೆಚ್ಚಿಸಬಹುದು. ನಾಳಿನ ಹಸಿವನ್ನು ಮರೆಸಲೆಂದು ಧಾರಣೆಯ ದಿನವೇ ಇದನ್ನು ಹೊಟ್ಟೆ ತುಂಬ ತಿನ್ನುವವರು ವ್ರತವನ್ನಲ್ಲ, ಲೆಕ್ಕವನ್ನು ಪಾಲಿಸಿದಂತಾಯಿತು. ಪಾರಣೆಯಲ್ಲಿ ಒಂದು ಚಮಚೆ, ಧಾರಾಳವಾಗಿ ನೀರು ಕುಡಿಯಬಲ್ಲವರಿಗೆ, ಅಡ್ಡಿಯಿಲ್ಲ.

ಇಷ್ಟಾದರೂ ದೂರದ ಬೀಜಕ್ಕೆ ಹೆಚ್ಚು ಹಣ ತೆರುವ ಮೊದಲು ಊರಿನ ಬೀಜಗಳನ್ನು ನೆನೆಯಬೇಕು. ಬಾಣಂತಿಯರಿಗೆ ಉಂಡೆ ಮಾಡಿಕೊಡುವ ಅಳವಿ ಸಾಸಿವೆಯ ಕುಲದ್ದು. ಅದೂ ಲೋಳೆ ಬಿಡುತ್ತದೆ. ಬೀದರ ನಗರವಿರುವುದು ಜಂಬಿಟ್ಟಿಗೆಯ ಕೆಂಪು ನೆಲದ ಮೇಲೆ. ಭಾಲ್ಕಿ, ಔರಾದಗಳ ಕಡೆ ಎರೆಭೂಮಿ ಹೆಚ್ಚು. ಹಿಂಗಾರಿನ ಎರೆಭೂಮಿಗೆ ಒಪ್ಪುವ ಅಗಸಿಯ ಎಣ್ಣೆಯಲ್ಲಿ, ಚಿಯಾಕ್ಕೆ ಕೀರ್ತಿ ತಂದ ಒಮೆಗಾ ಮೂರು ಎಂಬ ಕೊಬ್ಬಿನಂಶವೇ ಅರ್ಧಕ್ಕಿಂತ ಹೆಚ್ಚು. ಇಡಿ ಅಗಸಿ ಸಿಪ್ಪೆಯ ಗಟ್ಟಿತನದಿಂದ ಬಹುಪಾಲು ಜೀರ್ಣವಾಗದೆ ಹೋಗುವುದರಿಂದ, ಶೋಧಿಸಿ, ಹುರಿದು, ಬೆಳ್ಳುಳ್ಳಿಯಿಲ್ಲದೆ ಹಿಂಡಿ ಕುಟ್ಟಬೇಕು. ಕುಟ್ಟಿದ್ದು ಬೇಗ ಕಮಟುತ್ತದೆ. ಹಿಟ್ಟಿಗಿರುವ ಮರ್ಯಾದೆಯಂತೆ ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳೊಳಗೆ ಮುಗಿಯುವಷ್ಟೇ ಮಾಡಿಕೊಳ್ಳುವುದು.