ಮಗುವನ್ನು ಕಟಕಟೆಗೆ ಎಳೆಯಬೇಡ

ನೋಡಪ್ಪಾ, ನಿನ್ನ ಹೆಸರು ಇಲ್ಲಿ ಬರೆಯುವುದಿಲ್ಲ. ನಿನ್ನಂಥ ಸಂಕಟದಲ್ಲಿರುವವರು ಇನ್ನೂ ಇದ್ದಾರೆ, ಅವರೂ ಓದಿಕೊಳ್ಳಲಿ ಎಂದು ಬರೆಯುತ್ತಿದ್ದೇನೆ.

ಆ ಸಂಜೆ ಚಿಕ್ಕಲಸಂದ್ರದ ನಮ್ಮ ಮನೆ ಮೆಟ್ಟಿಲ ಮೇಲೆ ಕೂತಿದ್ದೆ ನೀನು. ಕೊಟ್ಟ ಕಾಫಿ ಕೈಯಲ್ಲೇ ಆರಿಹೋಯಿತು. ಮಡಿಲಲ್ಲಿ ಲ್ಯಾಬಿನಿಂದ ಬಂದ ಕವರು. "ಅಂಕಲ್, ಆರು ವರ್ಷ ಎತ್ತಿ ಆಡಿಸಿದ್ದೀನಿ, ನನ್ನದಲ್ವಂತೆ" ಅಂದೆ. ಸ್ಯಾಂಪಲ್ ಹೇಗೆ ತೆಗೆದೆ ಎಂದು ಕೇಳಿದೆ. ಮಗಳು ನಿದ್ದೆಗಣ್ಣಲ್ಲಿದ್ದಾಗ ಹತ್ತಿಕಡ್ಡಿಯಿಂದ ಕೆನ್ನೆಯೊಳಗೆ ಒರೆಸಿಕೊಂಡೆಯಂತೆ. "ಅಪ್ಪಾ, ಹಲ್ಲು ನೋಡ್ತಿದ್ದೀಯಾ?" ಎಂದು ಕೇಳಿ ಅವಳು ನಿನ್ನ ತೋಳಿನ ಮೇಲೆಯೇ ತಲೆಯಿಟ್ಟು ಮಲಗಿದಳಂತೆ. ಅಷ್ಟು ಹೇಳಿದ ಮೇಲೆ ನಿನಗೆ ಮಾತು ಹೊರಡಲಿಲ್ಲ.

ನನಗೂ ಆವತ್ತು ಹೊರಡಲಿಲ್ಲ. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ, ಫ್ಯಾಮಿಲಿ ಕೋರ್ಟಿನ ಮೆಟ್ಟಿಲನ್ನು ವಕೀಲನಾಗಿ ಬಹಳ ವರ್ಷ ಹತ್ತಿಳಿದವನು ನಾನು. ಅಲ್ಲಿ ಕಲಿತದ್ದನ್ನು ಈಗ ಸಮಾಧಾನದಿಂದ ಹೇಳುತ್ತೇನೆ.

ಮೊದಲ ಮಾತು: ಕೈಯೂ ಬಾಯಿಯೂ ಹಿಡಿತದಲ್ಲಿರಲಿ. ಹೆಂಡತಿಯ ಮೇಲೆ ಕೈ ಎತ್ತಬೇಡ. ನೆಂಟರ ವಾಟ್ಸಾಪ್ ಗುಂಪಿಗೆ ರಿಪೋರ್ಟು ಹಾಕಬೇಡ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು. ಏಟು ಕೊಟ್ಟ ಮರುದಿನವೇ ಮೋಸಹೋದವನು ಆರೋಪಿಯಾಗುತ್ತಾನೆ. ಆಮೇಲೆ ನಿನ್ನ ದುಃಖ ಯಾರ ಕಿವಿಗೂ ಬೀಳುವುದಿಲ್ಲ.

ಎರಡನೆಯದು, ಕಾನೂನು ಎಲ್ಲಿ ನಿಂತಿದೆ ಎಂದು ತಿಳಿದುಕೋ. ಮದುವೆ ಊರ್ಜಿತದಲ್ಲಿರುವಾಗ ಹುಟ್ಟಿದ ಮಗು, ಅಥವಾ ಮದುವೆ ಮುರಿದು ತಾಯಿ ಮರುಮದುವೆಯಾಗದಿದ್ದಾಗ 280 ದಿನಗಳೊಳಗೆ ಹುಟ್ಟಿದ ಮಗು, ಆ ಗಂಡನದ್ದೇ ಎಂಬುದಕ್ಕೆ ಆ ಹುಟ್ಟೇ ನಿರ್ಣಾಯಕ ಪುರಾವೆ. 1872ರ ಸಾಕ್ಷ್ಯ ಕಾಯ್ದೆಯ 112ನೇ ಕಲಮು ಹೇಳಿದ್ದು ಇದನ್ನೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಕಲಮು ಹೇಳುವುದೂ ಇದನ್ನೇ. ಇದನ್ನು ಮುರಿಯಲು ಗಂಡನಿಗಿರುವುದು ಒಂದೇ ದಾರಿ: ಗರ್ಭ ನಿಂತಿರಬಹುದಾದ ಕಾಲದಲ್ಲಿ ಗಂಡಹೆಂಡಿರು ಕೂಡುವ ಅವಕಾಶವೇ ಇರಲಿಲ್ಲ ಎಂದು ತೋರಿಸುವುದು. ಆ ದಿನಗಳಲ್ಲಿ ದುಬೈಯಲ್ಲಿದ್ದವನು ಪಾಸ್‌ಪೋರ್ಟಿನ ಮೊಹರು ತರಬಹುದು, ಕಂಪನಿಯ ಹಾಜರಿ ತರಬಹುದು. ಒಂದೇ ಸೂರಿನಡಿ ಇದ್ದವನಿಗೆ ಈ ಬಾಗಿಲು ಬಹಳ ಇಕ್ಕಟ್ಟು. ನಿನ್ನದು ಇಕ್ಕಟ್ಟಿನ ಬಾಗಿಲು.

"ಡಿಎನ್‌ಎ ಸುಳ್ಳು ಹೇಳುತ್ತಾ ಅಂಕಲ್?" ಎಂದು ಕೇಳಿದ್ದೆ. ವಿಜ್ಞಾನದ ಮೇಲೆ ಕೋರ್ಟಿಗೆ ಅನುಮಾನವಿಲ್ಲಪ್ಪಾ. ಅದಕ್ಕಿರುವ ಚಿಂತೆ ಮಗುವಿನದು. ಗಂಡ ಕೇಳಿದ ಮಾತ್ರಕ್ಕೆ ರಕ್ತಪರೀಕ್ಷೆಗೆ ಆದೇಶ ಕೊಡಲಾಗದು ಎಂದು ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿತು. 2014ರ ಜನವರಿಯಲ್ಲಿ ಇನ್ನೊಂದು ತೀರ್ಪು ಬಂತು. ಅಲ್ಲಿ ಗಂಡ ತಾನು ವರ್ಷಗಳಿಂದ ಹೆಂಡತಿಯ ಹತ್ತಿರವೇ ಹೋಗಿಲ್ಲ ಎಂದಿದ್ದ. ಕೋರ್ಟಿನ ಆದೇಶದಂತೆಯೇ ನಡೆದ ಪರೀಕ್ಷೆ ಅವನು ತಂದೆಯಲ್ಲ ಎಂದು ತೋರಿಸಿತು. ಹಾಗಾಗಿ ಮಗುವಿನ ಜೀವನಾಂಶದ ಹೊಣೆ ತಪ್ಪಿತು. ಆದರೆ ಅದುವರೆಗೆ ಕಟ್ಟಿದ ಹಣ ವಾಪಸು ಸಿಗಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಮತ್ತೊಂದು: ಸಂಪರ್ಕವೇ ಇರಲಿಲ್ಲ, ಹೆಂಡತಿ ಬೇರೊಬ್ಬನ ಸಹವಾಸ ಮಾಡಿದ್ದಾಳೆ ಎಂದು ಗಂಡ ವಿಚ್ಛೇದನ ಕೇಳಿದ್ದ. ಕೋರ್ಟ್ ಪರೀಕ್ಷೆಗೆ ಒಪ್ಪಿತು. ಹೆಂಡತಿ ಒಲ್ಲೆ ಎನ್ನಬಹುದು, ಒಲ್ಲೆ ಎಂದರೆ ಅದನ್ನು ಅವಳ ವಿರುದ್ಧ ಎಣಿಸಬಹುದು ಎಂದಿತು.

ನಿನಗೆ ಹತ್ತಿರದ್ದು 2023ರ ಫೆಬ್ರವರಿಯ ತೀರ್ಪು. ಮಹಾರಾಷ್ಟ್ರದ ದಂಪತಿ. ನಿನ್ನ ಹಾಗೆಯೇ ಆ ಗಂಡ ಖಾಸಗಿ ಲ್ಯಾಬಿನಲ್ಲಿ ಎರಡನೇ ಮಗುವಿನ ಪರೀಕ್ಷೆ ಮಾಡಿಸಿದ್ದ. ಕೆಳಗಿನ ಕೋರ್ಟು, ಹೈಕೋರ್ಟು ಎರಡೂ ಹೊಸದಾಗಿ ಡಿಎನ್‌ಎ ಪರೀಕ್ಷೆಗೆ ಹೇಳಿದ್ದವು. ನ್ಯಾಯಮೂರ್ತಿ ವಿ. ರಾಮಸುಬ್ರಮಣಿಯನ್ ಮತ್ತು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ಪೀಠ ಆ ಆದೇಶವನ್ನು ರದ್ದು ಮಾಡಿತು. ಸಂಪರ್ಕವಿರಲಿಲ್ಲ ಎಂದು ಗಂಡ ಹೇಳಿಯೇ ಇರಲಿಲ್ಲ. ಹೆಂಡತಿಯ ತಪ್ಪು ಸಾಬೀತು ಮಾಡಬೇಕಿದ್ದರೆ ಬೇರೆ ಸಾಕ್ಷ್ಯ ತಾ, ಅದಕ್ಕೆ ಮಗುವಿನ ದೇಹವನ್ನು ಬಳಸಬೇಡ, ಮಗುವಿಗೂ ಖಾಸಗಿತನವಿದೆ ಎಂಬುದು ತೀರ್ಪಿನ ಸಾರ.

ನಾಗರತ್ನ ಅವರು ನಮ್ಮ ಕರ್ನಾಟಕ ಹೈಕೋರ್ಟಿನಿಂದ ಹೋದವರು. 2021ರಲ್ಲಿ ಇಲ್ಲಿದ್ದಾಗ ಅವರ ಪೀಠದ ಮುಂದೆ ಒಬ್ಬ ಹುಡುಗನ ಅರ್ಜಿ ಬಂದಿತ್ತು. ವಿದ್ಯುತ್ ಕಂಪನಿಯ ನೌಕರನೊಬ್ಬನ ಎರಡನೇ ಹೆಂಡತಿಯ ಮಗ. ತಂದೆ ಸತ್ತ ಮೇಲೆ ಅನುಕಂಪದ ಕೆಲಸ ಕೇಳಿದ್ದ. ಮದುವೆ ಅಸಿಂಧು ಎಂದು ಕೆಲಸ ನಿರಾಕರಿಸಿದ್ದರು. ತಂದೆ ತಾಯಿಯ ಸಂಬಂಧ ಅಕ್ರಮವಿರಬಹುದು, ಮಗು ಅಕ್ರಮವಾಗುವುದಿಲ್ಲ, ತನ್ನ ಹುಟ್ಟಿನಲ್ಲಿ ಮಗುವಿನ ಪಾತ್ರವೇನೂ ಇಲ್ಲ ಎಂದು ಪೀಠ ಹೇಳಿತು. ಈ ಎರಡು ತೀರ್ಪುಗಳನ್ನು ಜೊತೆಗಿಟ್ಟು ನೋಡು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬೇಡಿ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದನ್ನೇ ಕೋರ್ಟು ತನ್ನ ಭಾಷೆಯಲ್ಲಿ ಹೇಳಿದೆ.

ಹಾಗಾದರೆ ಮೋಸಹೋದವನಿಗೆ ದಾರಿಯೇ ಇಲ್ಲವೇ? ಇದೆ. ಮದುವೆಗೆ ಮುಂಚೆಯೇ ಹೆಣ್ಣು ಬೇರೊಬ್ಬನಿಂದ ಗರ್ಭಿಣಿಯಾಗಿದ್ದು, ಗಂಡನಿಗೆ ಅದು ಗೊತ್ತಿಲ್ಲದಿದ್ದರೆ, ಹಿಂದೂ ವಿವಾಹ ಕಾಯ್ದೆಯ 12ನೇ ಕಲಮಿನಡಿ ಮದುವೆಯನ್ನೇ ರದ್ದುಮಾಡಿಸಬಹುದು. ಆದರೆ ಮದುವೆಯಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು, ವಿಷಯ ತಿಳಿದ ಮೇಲೆ ಒಪ್ಪಿ ಸಂಸಾರ ಮಾಡಿರಬಾರದು. ಈ ಒಂದು ವರ್ಷವನ್ನು ಮರ್ಯಾದೆಗೆ ಅಂಜಿ ಕಳೆದುಕೊಂಡವರನ್ನು ನೋಡಿದ್ದೇನೆ. ಮದುವೆಯ ನಂತರದ ಮೋಸವಾದರೆ 13ನೇ ಕಲಮು: ವ್ಯಭಿಚಾರ ಅಥವಾ ಕ್ರೌರ್ಯದ ಆಧಾರದ ಮೇಲೆ ವಿಚ್ಛೇದನ. 2018ರ ಸೆಪ್ಟೆಂಬರಿನ ತೀರ್ಪಿನ ನಂತರ ವ್ಯಭಿಚಾರ ಅಪರಾಧವಲ್ಲ, ಹಾಗಾಗಿ ಅದಕ್ಕೆ ಪೊಲೀಸ್ ಠಾಣೆಗೆ ಅಲೆಯಬೇಡ. ಆದರೆ ವಿಚ್ಛೇದನಕ್ಕೆ ಅದು ಇವತ್ತಿಗೂ ಕಾರಣ. ಸಂಪರ್ಕವಿರಲಿಲ್ಲ ಎಂದು ತೋರಿಸಬಲ್ಲವನು ಮಗು ತನ್ನದಲ್ಲ ಎಂಬ ಘೋಷಣೆಯನ್ನೂ ಫ್ಯಾಮಿಲಿ ಕೋರ್ಟಿನಲ್ಲೇ ಕೇಳಬಹುದು. ಯಾವುದನ್ನು ಕೇಳಿದರೂ ದಿನಾಂಕ, ಊರು, ಕಾರಣ ಎಲ್ಲ ಮೊದಲ ಅರ್ಜಿಯಲ್ಲೇ ಸ್ಪಷ್ಟವಾಗಿ ಬರಬೇಕು. ಅಲ್ಲಿ ಬಿಟ್ಟದ್ದನ್ನು ಪಾಟೀಸವಾಲಿನಲ್ಲಿ ಸೇರಿಸಲಾಗದು.

ಜೀವನಾಂಶದ ಬಗ್ಗೆ ಒಂದು ಎಚ್ಚರಿಕೆ. ಕೋರ್ಟು ಮಧ್ಯಂತರವಾಗಿ ಇಷ್ಟು ಕೊಡು ಎಂದರೆ "ನನ್ನ ಮಗುವೇ ಅಲ್ಲ" ಎಂದು ನಿಲ್ಲಿಸಬೇಡ. ಬಾಕಿ ಉಳಿಸಿದ ಒಂದೊಂದು ತಿಂಗಳಿಗೂ ಒಂದು ತಿಂಗಳವರೆಗೆ ಜೈಲಿಗೆ ಕಳಿಸುವ ಅಧಿಕಾರ ಕೋರ್ಟಿಗಿದೆ. ತಕರಾರು ಕೋರ್ಟಿನಲ್ಲಿರಲಿ, ದುಡ್ಡು ಮಾತ್ರ ಕಟ್ಟುತ್ತಿರು. ಮಗುವಿನ ಶಾಲೆಯ ದಾಖಲೆಯಲ್ಲಿ, ಜನನ ಪ್ರಮಾಣಪತ್ರದಲ್ಲಿ ಹೆಸರು ತೆಗೆಸಲು ನೀನಾಗಿಯೇ ಕೈಹಾಕಬೇಡ.

ಇಷ್ಟೂ ಕಾನೂನಿನ ಮಾತಾಯಿತು. ಇನ್ನು ಹಿರಿಯನ ಮಾತು. ನಿನ್ನೊಳಗೆ ಎರಡು ಪ್ರಶ್ನೆಗಳು ಗಂಟು ಬಿದ್ದಿವೆ, ಬಿಡಿಸಿಕೋ. ಹೆಂಡತಿಯಿಂದ ಬಿಡುಗಡೆ ಬೇಕೇ? ಮಗಳಿಂದ ಬಿಡುಗಡೆ ಬೇಕೇ? ಮೊದಲನೆಯದಕ್ಕೆ ಹೌದು ಎಂದವನು ಎರಡನೆಯದಕ್ಕೂ ಹೌದು ಎನ್ನಬೇಕಾಗಿಲ್ಲ. ಮಗಳ ಹುಟ್ಟನ್ನು ಮುಟ್ಟದೆಯೇ ವಿಚ್ಛೇದನ ಪಡೆಯಬಹುದು. ಕಾನೂನಿನ ಕಣ್ಣಲ್ಲಿ ನೀನು ಅವಳ ತಂದೆಯಾಗಿರುವಷ್ಟು ಕಾಲ ಅವಳನ್ನು ನೋಡುವ, ಜೊತೆಯಲ್ಲಿಟ್ಟುಕೊಳ್ಳುವ ಹಕ್ಕನ್ನೂ ಕೇಳಬಹುದು. ನಿನ್ನನ್ನು ಕಟ್ಟಿಹಾಕಿದೆ ಎಂದು ನೀನು ಬೈಯುತ್ತಿರುವ ಕಲಮೇ ನಾಳೆ ನಿನ್ನ ಮಗಳನ್ನು ನಿನಗೆ ಉಳಿಸಿಕೊಡಬಹುದು.

ಒಂದು ದೃಶ್ಯ ನನ್ನ ಕಣ್ಣಿಂದ ಹೋಗಿಲ್ಲ. ಕೋರ್ಟಿನ ಕಾರಿಡಾರಿನ ಬೆಂಚಿನಲ್ಲಿ ಒಬ್ಬ ಹುಡುಗ, ಎಂಟೊಂಬತ್ತು ವರ್ಷ. ಒಂದು ಕಡೆ ಅಮ್ಮನ ತಾಯಿ, ಇನ್ನೊಂದು ಕಡೆ ಅಪ್ಪನ ತಾಯಿ. ಇಬ್ಬರೂ ಬಿಸ್ಕತ್ತಿನ ಪೊಟ್ಟಣ ತಂದಿದ್ದರು. ಅವನು ಎರಡನ್ನೂ ತೆಗೆದುಕೊಂಡು, ಯಾವುದನ್ನೂ ಬಿಚ್ಚದೆ, ಮಧ್ಯಾಹ್ನದವರೆಗೂ ಮಡಿಲಲ್ಲಿ ಇಟ್ಟುಕೊಂಡಿದ್ದ. ಒಂದನ್ನು ಬಿಚ್ಚಿದರೆ ಇನ್ನೊಬ್ಬರಿಗೆ ನೋವಾದೀತು ಎಂಬ ಲೆಕ್ಕ ಆ ವಯಸ್ಸಿಗೇ ಬಂದಿತ್ತು. ದೊಡ್ಡವರ ವ್ಯಾಜ್ಯದಲ್ಲಿ ಮಗು ತೆರುವ ದಂಡ ಇದು.

ನಿನಗಾದದ್ದು ಅನ್ಯಾಯ. ಅದನ್ನು ಸಣ್ಣದು ಎನ್ನುವುದಿಲ್ಲ. ಹೆಂಡತಿಯನ್ನು ನೇರವಾಗಿ ಕೇಳು, ಅವಳ ಮಾತನ್ನೂ ಪೂರ್ತಿ ಕೇಳಿಸಿಕೋ. ಲ್ಯಾಬಿನ ಕಾಗದವೊಂದನ್ನೇ ನಂಬಿ ಫೈಸಲು ಬರೆಯಬೇಡ. ಅದೇ ನ್ಯಾಯದೇಗುಲದಲ್ಲಿ 2007ರಿಂದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ನಡೆಯುತ್ತಿದೆ, ಅಲ್ಲಿ ಆಡಿದ ಮಾತು ಗುಟ್ಟಾಗಿಯೇ ಉಳಿಯುತ್ತದೆ. ವಕೀಲರ ಫೀಸಿಗೆ ತೊಂದರೆಯಿದ್ದವರು ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿ ನೆರವು ಕೇಳಬಹುದು. ಫ್ಯಾಮಿಲಿ ಕೋರ್ಟಿನಲ್ಲಿ ವಿಚಾರಣೆಯನ್ನು ಮುಚ್ಚಿದ ಬಾಗಿಲೊಳಗೆ ನಡೆಸಿ ಎಂದು ಕೇಳುವ ಅವಕಾಶವೂ ಇದೆ, ಕೇಳಿಕೋ.

ಈ ವಾರವೇ ಒಬ್ಬ ಒಳ್ಳೆಯ ವಕೀಲರನ್ನು ನೋಡು. ಆದರೆ ಇವತ್ತು ರಾತ್ರಿ ಎಂದಿನಂತೆ ಮಗಳಿಗೆ ಊಟ ಮಾಡಿಸು, ಎಂದಿನಂತೆ ಮಲಗಿಸು. ಅವಳು ನಿನಗೆ ಯಾವ ಮೋಸವನ್ನೂ ಮಾಡಿಲ್ಲ.