ಸೊಲ್ಲು ಹಿಡಿಯೋಕೆ ಬಾ

ನಿನ್ನ ಮೇಲೆ ನನಗೆ ಸಿಟ್ಟಿಲ್ಲ ತಮ್ಮಾ. ಬಂದದ್ದು ನಗು. ದುರ್ಗಾದೇವಿ ಕೆರೆಯ ದಂಡೆಗೆ ಕೂತು ಹಾಡಿದ ತತ್ವಪದವನ್ನು ಸಾವಿರಾರು ಜನ ನೋಡಿದ್ದಾರೆ ಅಂತ ಫೋನು ಹಿಡಿದು ಓಡಿ ಬಂದೆ. ಒಳ್ಳೇದಾಯಿತು. ನಿನಗೆ ಕಂಠ ಇದೆ, ಇಲ್ಲ ಅಂದರೆ ನನ್ನ ನಾಲಿಗೆ ಬಿದ್ದುಹೋದೀತು. ಆದರೆ ಕೊಟ್ಟ ಚಹಾ ಆರುವ ಮೊದಲೇ ಕೇಳಿದೆಯಲ್ಲ, "ಅಜ್ಜಾ, ಕಾಲೇಜು ಬಿಟ್ಟು ಇದನ್ನೇ ಹಿಡಿದರ ಹೆಂಗ?" ಅಂತ, ಆಗ ನಕ್ಕುಬಿಟ್ಟೆ. ನಮ್ಮ ಹಿರೇಕೆರೂರು ಹೊಲದ ಗೋವಿನಜೋಳವೇ ಮೂರು ತಿಂಗಳ ಮೇಲೆ ಕಾಯಿಸುತ್ತದೆ. ನೀನು ಬಿತ್ತಿದ್ದು ಯಾವಾಗ, ಹೇಳು?

ಮೊದಲು ಶ್ರುತಿಯ ಮಾತು. ಪೇಟಿಯ ಕಪ್ಪು ಒಂದರಲ್ಲಿ ಆರಾಮಾಗಿ ಕೂರುವ ದನಿಯನ್ನು ಕಪ್ಪು ಮೂರಕ್ಕೆ ಏರಿಸಿಕೊಂಡಿದ್ದೀಯ. ಕೊರಳಿನ ನರ ಎದ್ದದ್ದು ಆ ಸಣ್ಣ ಪರದೆಯಲ್ಲೂ ಕಾಣುತ್ತದೆ. ಯಾರೋ ಸಿನಿಮಾದವರು ಅಲ್ಲಿ ಹಾಡಿದ್ದಾರೆ ಅಂತ ನೀನೂ ಅಲ್ಲಿಗೆ ಹತ್ತಬೇಕೇನು? ಗಂಗೂಬಾಯಿ ಹಾನಗಲ್ಲರ ಕಥೆ ಕೇಳಿದ್ದೀಯೋ ಇಲ್ಲವೋ. ಹುಟ್ಟಿದ್ದು ಧಾರವಾಡದಲ್ಲಿ, 1913ರಲ್ಲಿ. ಹೆಸರಿನ ಹಿಂದೆ ಮಾತ್ರ ನಮ್ಮ ಪಕ್ಕದ ಹಾನಗಲ್ಲು. ಗಂಟಲಿಗೆ ಚಿಕಿತ್ಸೆಯಾದ ಮೇಲೆ ಅವರ ಎಳೆಯ ದನಿ ಹೋಗಿ ಗಂಡುದನಿ ಬಂತು. ಹೋದ ದನಿಗೆ ಅಳುತ್ತ ಕೂರಲಿಲ್ಲ. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಸವಾಯಿ ಗಂಧರ್ವರ ಹತ್ತಿರ ಹೋಗಿ, ಬಂದ ದನಿಯನ್ನೇ ತಿದ್ದಿಸಿಕೊಂಡರು. 2002ರಲ್ಲಿ ಪದ್ಮವಿಭೂಷಣ ಬಂದದ್ದು ಆ ದನಿಗೇ. ನೀನು ನಿನ್ನ ಕಪ್ಪು ಒಂದಕ್ಕೆ ಇಳಿ. ಯಾರೂ ನಗುವುದಿಲ್ಲ.

ಎರಡನೇದು, ಆ ಮಟ್ಟು. ನೀನು ಹಾಡಿದ್ದು ಶರೀಫಜ್ಜನ ಪದವೇ ಹೌದು, ಮಟ್ಟು ಮಾತ್ರ ಕ್ಯಾಸೆಟ್ಟಿನದು. ಸಿ. ಅಶ್ವತ್ಥ್ ಆ ಪದಗಳನ್ನು ನಾಡಿಗೆಲ್ಲ ಮುಟ್ಟಿಸಿದರು, ಅವರ ಋಣ ದೊಡ್ಡದು, ಅದನ್ನು ತೆಗೆದುಹಾಕುವ ಮನುಷ್ಯ ನಾನಲ್ಲ. ಆದರೆ ಶರೀಫಜ್ಜ ಯಾವ ಊರಿನವನು? ಶಿಗ್ಗಾವಿ ತಾಲೂಕಿನ ಶಿಶುನಾಳ. ಇಲ್ಲಿಂದ ಬಸ್ಸು ಹತ್ತಿದರೆ ಸಂಜೆಗೆ ಮನೆಗೆ ಬರಬಹುದು. ಈ ಸೀಮೆಯ ಭಜನೆಯವರ ಬಾಯಲ್ಲಿ ಅದೇ ಪದಕ್ಕೆ ಬೇರೆ ಬೇರೆ ಮಟ್ಟುಗಳಿವೆ. ಒಂದು ಊರಲ್ಲಿ ಎಳೆದು ಹಾಡುತ್ತಾರೆ, ಇನ್ನೊಂದರಲ್ಲಿ ದಮ್ಮಡಿಗೆ ಕುಣಿಸುತ್ತಾರೆ. ಅವನ್ನು ಬಲ್ಲ ಮುದುಕರು ಒಬ್ಬೊಬ್ಬರೇ ಗಂಟು ಕಟ್ಟುತ್ತಿದ್ದಾರೆ. ಕ್ಯಾಸೆಟ್ಟಿನ ಮಟ್ಟು ಎಲ್ಲಿಗೂ ಓಡಿಹೋಗುವುದಿಲ್ಲ. ಇವರದು ಹೋಗುತ್ತದೆ. ಮೊದಲು ಯಾವುದನ್ನು ಹಿಡಿಯಬೇಕು ಅನ್ನುವುದಕ್ಕೆ ಡಿಗ್ರಿ ಬೇಕೇ? ಅರ್ಥವನ್ನೂ ಕೇಳಿಕೋ. ನೀನು ಹಾಡಿದ ಪದದ ಸೋರುವ ಮನೆ ಅಂದರೆ ಬರೀ ಹಂಚು ಒಡೆದದ್ದು ಅಂತ ತಿಳಿದು ಹಾಡಿದರೆ, ಕೇಳುವವರು ಹಂಚು ಹೊದಿಸುವವನ ನಂಬರು ಕೊಟ್ಟಾರು.

ಈಗ ನಿನ್ನ ಕೆರಿಯರ್ ವಿಷಯ. ನಮ್ಮ ಕಾಲಕ್ಕೆ ಆ ಶಬ್ದ ಇರಲಿಲ್ಲ, "ಹಾಡಿಕೆಯವ" ಅನ್ನುತ್ತಿದ್ದರು, ಹೆಣ್ಣು ಮಾತ್ರ ಕೊಡುತ್ತಿರಲಿಲ್ಲ. ಆದರೂ ಒಬ್ಬರ ಬಾಳುವೆ ಹೇಳುತ್ತೇನೆ, ಕೇಳು.

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಒಂದು ಗಂಡು ಹುಟ್ಟಿತು. ಗದಿಗೆಯ್ಯ ಅಂತ ಹೆಸರು. ಅವನಿಗೂ ಕಣ್ಣಿಲ್ಲ, ಅಣ್ಣನಿಗೂ ಕಣ್ಣಿಲ್ಲ. ಹಾಡಿಕೊಂಡಿದ್ದ ಈ ಹುಡುಗರನ್ನು ಹಾನಗಲ್ ಕುಮಾರಸ್ವಾಮಿಗಳು ಗುರುತಿಸಿ ಸಂಗೀತ ಕಲಿಯಲು ಹಾಕಿದರು. ಆ ಗದಿಗೆಯ್ಯನೇ ಮುಂದೆ ಪಂಚಾಕ್ಷರಿ ಗವಾಯಿಗಳಾದರು. ಕರ್ನಾಟಕಿ ಕಲಿತರು, ಅದು ಸಾಲದೆಂದು ಹಿಂದೂಸ್ತಾನಿಗೂ ಕೂತರು. ಇಷ್ಟು ಕಲಿತವರು ಏನು ಮಾಡಬೇಕಿತ್ತು? ನಿನ್ನ ಲೆಕ್ಕದಲ್ಲಿ, ದೊಡ್ಡ ಊರು ಸೇರಿ ಹೆಸರು ಮಾಡಬೇಕಿತ್ತು. ಅವರು ಕಣ್ಣಿಲ್ಲದ ಮಕ್ಕಳನ್ನೂ ಬಡವರ ಮಕ್ಕಳನ್ನೂ ಕೂಡಿಸಿಕೊಂಡು ಊರೂರು ತಿರುಗಿದರು. ಗೋಡೆ ಇಲ್ಲದ ಶಾಲೆ ಅದು. ಹೋದ ಊರಲ್ಲಿ ಪಾಠ, ಅಲ್ಲೇ ಪ್ರಸಾದ. ಮಕ್ಕಳ ಹೊಟ್ಟೆಗಾಗಿ ನಾಟಕ ಕಂಪನಿಯನ್ನೂ ಕಟ್ಟಿದರು. ಕಡೆಗೆ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ಅದು ನೆಲೆ ನಿಂತಿತು.

ಇದರೊಳಗೆ ನನಗೆ ಎಷ್ಟು ಸಲ ಹೇಳಿದರೂ ಸಾಲದ ಸಂಗತಿ ಒಂದಿದೆ. 1936ರಲ್ಲಿ ಹಂಪಿಯಲ್ಲಿ ವಿಜಯನಗರದ ಆರುನೂರನೇ ವರ್ಷದ ಉತ್ಸವ. ಹಾಡಲು ಕೂತವನು ಹದಿಹರೆಯದ ಹುಡುಗ, ಬಸವರಾಜ ರಾಜಗುರು. ಮುಂದೆ ದೇಶವೇ ಬಲ್ಲ ಗಾಯಕ. ಅವತ್ತು ಅವನಿಗೆ ತಬಲಾ ಹಿಡಿದವರು ಯಾರು ಗೊತ್ತೇ? ಗುರು ಪಂಚಾಕ್ಷರಿ ಗವಾಯಿಗಳೇ! ಶಿಷ್ಯ ನಡುವೆ, ಗುರು ಪಕ್ಕದಲ್ಲಿ, ಅವನಿಗೆ ಠೇಕಾ ಕೊಡುತ್ತ. ನೀನೋ, ಮೊನ್ನೆ ಶ್ರಾವಣದ ಭಜನೆಯಲ್ಲಿ ತಾಳ ಕೈಗೆ ಕೊಟ್ಟರೆ ಮೋರೆ ಸಣ್ಣಗೆ ಮಾಡಿದೆ. ನಾನು ನೋಡಿದೆ, ಸುಮ್ಮನಿದ್ದೆ.

ಅವರ ಹಿಂದೆ ಬಂದ ಪುಟ್ಟರಾಜರದೂ ಹಾನಗಲ್ಲ ಸೀಮೆಯೇ, ದೇವಗಿರಿ. ಹಾಲುಗಲ್ಲದ ಕೂಸಿದ್ದಾಗಲೇ ಕಣ್ಣು ಹೋಯಿತು, ಹೆತ್ತವರೂ ಹೋದರು. ಸೋದರಮಾವನ ಪೇಟಿಯ ಮೇಲೆ ತಾವೇ ಬೆರಳಾಡಿಸಿ ಶುರುಮಾಡಿದ ಹುಡುಗ. 1944ರಲ್ಲಿ ಗುರುಗಳು ಹೋದಾಗ ಮೂವತ್ತು ವಯಸ್ಸು. ಅವತ್ತು ಹೊತ್ತ ಆಶ್ರಮವನ್ನು 2010ರಲ್ಲಿ ಕಣ್ಮುಚ್ಚುವ ತನಕ ಕೆಳಗಿಡಲಿಲ್ಲ. ಅರವತ್ತಾರು ವರ್ಷ! ಪದ್ಮಭೂಷಣ ಬಂದದ್ದೂ ಅದೇ 2010ರಲ್ಲಿ. ಮತ್ತೆ ಅವರ ಕೈಯಲ್ಲಿ ಕಲಿತ ವೆಂಕಟೇಶಕುಮಾರರನ್ನು ನೋಡು. ಬಳ್ಳಾರಿ ಕಡೆಯ ಹುಡುಗ, ಗದುಗಿನಲ್ಲಿ ಹನ್ನೆರಡು ವರ್ಷ ಕಲಿತರು. ಆಮೇಲೆ ಧಾರವಾಡದ ಸಂಗೀತ ಕಾಲೇಜಿನಲ್ಲಿ ಮೇಷ್ಟರಾಗಿ ದುಡಿದರು. ಪದ್ಮಶ್ರೀ ಬಂದಾಗ 2016, ಅರವತ್ತು ದಾಟಿತ್ತು. ನಿನಗೆ ಹತ್ತೊಂಬತ್ತಕ್ಕೇ ತಡವಾಗುತ್ತಿದೆ.

ನಮ್ಮವರದಷ್ಟೇ ಹೀಗೆ ಅನ್ನಬೇಡ. ಐರ್ಲೆಂಡಿನ ಪಡುವಣ ಕಡಲಂಚಿನ ಕಾರ್ನಾದಲ್ಲಿ 1919ರಲ್ಲಿ ಹುಟ್ಟಿದ ಜೋ ಹೀನಿ ಅಂತ ಒಬ್ಬನಿದ್ದ. ಅವರ ಊರ ಮಾತು ಐರಿಷ್, ಇಂಗ್ಲಿಷಿನ ಅಡಿಗೆ ಸಿಕ್ಕಿ ಸೊರಗಿದ ಭಾಷೆ. ಆ ಮಾತಿನ ಹಳೇ ಹಾಡಿಕೆಗೆ "ಶಾನ್ ನೋಸ್" ಅನ್ನುತ್ತಾರೆ. ಅರ್ಥವೂ "ಹಳೇ ರೀತಿ" ಅಂತಲೇ. ಪೇಟಿ ಇಲ್ಲ, ತಬಲಾ ಇಲ್ಲ, ಒಂಟಿ ಕಂಠ. ಹಾಡುವವನು ಒಳಗೊಳಗೆ ಇಳಿಯುವಾಗ ಪಕ್ಕದವನೊಬ್ಬ ಅವನ ಕೈ ಹಿಡಿದು ಮೆಲ್ಲಗೆ ತಿರುಗಿಸುತ್ತ ಕೂರುವುದೂ ಉಂಟಂತೆ. ನಮ್ಮ ಭಜನೆಯಲ್ಲಿ ಹಾಡುವವನ ಹಿಂದೆ ದನಿಗೂಡಿಸಿ ಸೊಲ್ಲು ಹಿಡಿಯುತ್ತಾರಲ್ಲ, ಹಾಗೇ ಅನ್ನಿಸಿತು ನನಗೆ. ಇಂಥ ಹಾಡುಗಾರ ನ್ಯೂಯಾರ್ಕಿಗೆ ಹೋಗಿ ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದ? ಒಂದು ದೊಡ್ಡ ವಸತಿ ಕಟ್ಟಡದ ಬಾಗಿಲು ಕಾಯುತ್ತಿದ್ದ. ಹಗಲು ಬಾಗಿಲು ತೆಗೆದ ಕೈಗೆ ಅವಮಾನವಾಗಲಿಲ್ಲ. ಹಾಡು ಬಿಡಲಿಲ್ಲ. ಆಮೇಲೆ ವಿಶ್ವವಿದ್ಯಾಲಯದವರೇ ಕರೆದು ಪಾಠ ಹೇಳಿಸಿದರು, 1982ರಲ್ಲಿ ಅಮೆರಿಕ ಸರಕಾರದ ಕಡೆಯಿಂದ ಗೌರವವೂ ಬಂತು. ಎರಡೇ ವರ್ಷಕ್ಕೆ ತೀರಿಕೊಂಡ.

ಅದಕ್ಕೇ ಹೇಳುವುದು, ಕಾಲೇಜು ಬಿಡಬೇಡ. ಶರೀಫಜ್ಜನೂ ಸ್ವಲ್ಪ ಕಾಲ ಸಾಲಿ ಮಾಸ್ತರನೇ. ಹಾಡಿನ ಕುತ್ತಿಗೆಗೆ ಮನೆ ಬಾಡಿಗೆ, ಬೈಕಿನ ಕಂತು ಎರಡೂ ಕಟ್ಟಿದರೆ ಅದು ಬಿಕ್ಕುತ್ತದೆ. ನೀನು ಅದನ್ನೇ ಹೊಸ ಗಮಕ ಅಂದುಕೊಂಡೀಯ.

ನಾನೇನು ಸಾಚಾ ಅಲ್ಲ. ಇಪ್ಪತ್ತರ ಹುಮ್ಮಸ್ಸಿನಲ್ಲಿ ಒಂದು ಜಾತ್ರೆಯಲ್ಲಿ ಹಿರಿಯರು ಪದ ಎತ್ತುವ ಮೊದಲೇ ನಾನು ಎತ್ತಿದೆ. ಎರಡನೇ ನುಡಿಯೇ ನೆನಪಾಗಲಿಲ್ಲ. ಹಿಂದಿನವರು ಸೊಲ್ಲು ಹಿಡಿಯದೆ ತಾಳ ನಿಲ್ಲಿಸಿ ಕೂತರು. ಆ ಮೌನ ಇದೆಯಲ್ಲ, ಐವತ್ತು ವರ್ಷವಾದರೂ ಕಿವಿಯಲ್ಲಿದೆ. ಕೊನೆಗೆ ಆ ಹಿರಿಯರೇ ನನ್ನ ನುಡಿ ಎತ್ತಿಕೊಂಡು ಮುಗಿಸಿದರು. ಬೈಯಲಿಲ್ಲ. ಮರುದಿನದಿಂದ ಪೇಟಿಯ ತಿದಿ ಒತ್ತಲು ಕೂರಿಸಿದರು, ಎರಡು ಮಳೆಗಾಲ. ಅಷ್ಟರಲ್ಲಿ ಎಷ್ಟು ಪದ ಬಾಯಿಗೆ ಬಂದವೋ, ನನಗೇ ಲೆಕ್ಕ ಸಿಗಲಿಲ್ಲ.

ಸೋಮವಾರ ರಾತ್ರಿ ಊಟ ಮುಗಿಸಿ ಗುಡಿಗೆ ಭಜನೆಗೆ ಬಾ. ಮುಂದೆ ಕೂರಬೇಡ, ಕಂಬದ ಪಕ್ಕ ಜಾಗ ಇದೆ. ಫೋನು ಮನೆಯಲ್ಲಿರಲಿ. ದಮ್ಮಡಿಯ ಒಂದು ಬಿಲ್ಲೆ ಸಡಿಲಾಗಿದೆ, ಬರುವಾಗ ಗೇಣುದ್ದ ತಂತಿ ತಾ.